ನಾನ್‌ಸ್ಟಿಕ್ ಜಾಲರಿ ಹಾಳೆ: ಮೂರು ಮಳೆಗಾಲ ಹೊಗೆಗೊಡ್ಡಿದ ಮೇಲೆ

ಅಂಕವನ್ನು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅಷ್ಟು ಸಾಕು. ಹೊಗೆ ಕೊಡುವ ಡ್ರಮ್ಮಿನೊಳಗೆ ಮೀನು, ಮೆಣಸುಗಳ ಅಡಿಗೆ ಹಾಸುವ ಈ ಕಂದು ಬಣ್ಣದ ಜಾಲರಿ ಹಾಳೆಗೆ, ಕೆಳಗೆ ಗಟ್ಟಿಯಾದ ಸ್ಟೀಲ್ ರ್ಯಾಕ್ ಇದ್ದರೆ, ಐದರಲ್ಲಿ ನಾಲ್ಕು. ರ್ಯಾಕ್ ಇಲ್ಲದೆ ಇದೊಂದನ್ನೇ ನಂಬಿದರೆ ಎರಡು. ಹಂದಿಮಾಂಸಕ್ಕೆ ಸೊನ್ನೆ. ಸೊನ್ನೆ ಏಕೆಂದು ಮುಂದೆ ಹೇಳುತ್ತೇನೆ, ಅದರಲ್ಲಿ ನಮ್ಮ ಕೋಳಿಗಳ ಕತೆಯೂ ಇದೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಗಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯಲ್ಲಿ ನಮ್ಮ ಪಾಲೂ ಕಡಿಮೆಯೇನಲ್ಲ. ಒಣಗಿದ ಸಿಪ್ಪೆಯನ್ನು ಅಡುಗೆಯ ಹುಳಿಗೆ ಬಳಸುವ ಕಾಡುಹಣ್ಣು ಉಪ್ಪಾಗೆ ಹಣ್ಣಾಗುವುದು ಸರಿಯಾಗಿ ಆ ಜಡಿಮಳೆಯ ತಿಂಗಳುಗಳಲ್ಲೇ. ಬಿಸಿಲಿಗೆ ಹಾಕೋಣವೆಂದರೆ ಬಿಸಿಲೆಲ್ಲಿದೆ? ಹಾಗಾಗಿ ಹಿಂದಿನವರು ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ, ಸಿಪ್ಪೆಯನ್ನು ಹೊಗೆಯಲ್ಲೇ ಕಪ್ಪಗೆ ಒಣಗಿಸುತ್ತಿದ್ದರು. ನಮ್ಮಲ್ಲಿ ಅಡುಗೆಮನೆಗೆ ಟೈಲ್ಸ್ ಬಂತು, ಗ್ಯಾಸ್ ಬಂತು, ತಟ್ಟಿ ಹೋಯಿತು. ಅದರ ಜಾಗಕ್ಕೆ ಹಿತ್ತಿಲಿನಲ್ಲಿ 200 ಲೀಟರಿನ ಡ್ರಮ್ ಬಂತು. ತಳದಲ್ಲಿ ಬೆಂಕಿಗೂಡು, ಮೇಲೆ ಮುಚ್ಚಳ, ಮುಚ್ಚಳದಲ್ಲಿ ಹೊಗೆ ಹೋಗಲು ಒಂದು ಕೊಳವೆ. ಬೇಸಿಗೆಯ ಕೊನೆಯಲ್ಲಿ ಬಂಗುಡೆ, ಮಳೆಗಾಲದಲ್ಲಿ ಉಪ್ಪಾಗೆ, ಆಮೇಲೆ ಜೀರಿಗೆ ಮೆಣಸು, ನೆಂಟರು ಬಂದಾಗ ಹಂದಿಮಾಂಸ: ನಮ್ಮ ಡ್ರಮ್ಮಿನ ಪಂಚಾಂಗ ಇಷ್ಟು.

ಡ್ರಮ್ ಸಿದ್ಧವಾದದ್ದು ಸುಲಭವಾಗಿ. ಒಳಗೆ ಏನನ್ನು ಹಾಸುವುದು ಎಂಬ ಪ್ರಶ್ನೆಯೇ ಮೂರು ವರ್ಷ ತಿಂದಿತು.

ಮೊದಲ ವರ್ಷ ಹಾರ್ಡ್‌ವೇರ್ ಅಂಗಡಿಯಿಂದ ಕೋಳಿಗೂಡಿಗೆ ಹಾಕುವ ಜಿಐ ಜಾಲರಿ ತಂದು ಕತ್ತರಿಸಿ ಹಾಸಿದೆವು. ಅಗ್ಗ, ಹೊಳೆಯುತ್ತಿತ್ತು, ಗಟ್ಟಿಯೂ ಇತ್ತು. ಎರಡನೆಯ ದಿನ ಉಪ್ಪಾಗೆ ಸಿಪ್ಪೆಯನ್ನು ಮಗುಚಿ ಹಾಕಲು ಹೋದಾಗ ಪ್ರತಿ ಸಿಪ್ಪೆಯ ಹೊಟ್ಟೆಯ ಮೇಲೂ ಬೂದುಬಣ್ಣದ ಷಟ್ಕೋನದ ಅಚ್ಚು ಬಿದ್ದಿತ್ತು. ತಂತಿಯ ಹೊಳಪು ಹೋಗಿ, ಸುಣ್ಣ ಬಳಿದಂತೆ ಬಿಳಿಪುಡಿ ಕೂತಿತ್ತು. ಜಿಐ ಎಂದರೆ ಕಬ್ಬಿಣದ ಮೇಲೆ ಸತುವಿನ ಲೇಪ, ಹುಳಿ ತಾಗಿದರೆ ಸತು ಕರಗುತ್ತದೆ. ಹುಣಸೆಹಣ್ಣಿಗಿಂತ ಒಂದು ಕೈ ಮೇಲಾದ ಉಪ್ಪಾಗೆಯನ್ನು ಅದರ ಮೇಲೆ ಎರಡು ದಿನ ಮಲಗಿಸಿದ್ದು ನಮ್ಮದೇ ಪೆದ್ದತನ. ನಾಲ್ಕು ಕೆ.ಜಿ. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಯಿತು. ಕಿಟಕಿಗೆ ಹಾಕುವ ಫೈಬರ್‌ಗ್ಲಾಸ್ ಸೊಳ್ಳೆ ಜಾಲರಿ ಹಾಕಬಹುದೇ ಎಂದು ಒಬ್ಬರು ಕೇಳಿದ್ದರು. ಖಂಡಿತ ಬೇಡ, ಅದರ ನೂಲಿನ ಮೇಲಿರುವುದು ಪಿವಿಸಿ ಪ್ಲಾಸ್ಟಿಕ್.

ಆಮೇಲೆ ಬಂದದ್ದು ಈ ನಾನ್‌ಸ್ಟಿಕ್ ಹಾಳೆ. ಆನ್‌ಲೈನ್‌ನಲ್ಲಿ ಗ್ರಿಲ್ ಮ್ಯಾಟ್ ಎಂದು ಮಾರುತ್ತಾರೆ. ನೋಡಲು ಗೋಣಿಚೀಲವನ್ನು ಎಣ್ಣೆಯಲ್ಲಿ ಅದ್ದಿ ತೆಗೆದಂತಿದೆ. ಒಳಗಿರುವುದು ಗಾಜಿನ ನೂಲಿನ ನೇಯ್ಗೆ, ಅದರ ಮೇಲೆ ಪಿಟಿಎಫ್‌ಇ ಲೇಪ, ಅಂದರೆ ನಮ್ಮ ದೋಸೆಕಾವಲಿಯ ಮೇಲಿರುವ ಟೆಫ್ಲಾನ್ ಜಾತಿಯದೇ. ಮೂರು ಹಾಳೆಗೆ 640 ರೂಪಾಯಿ ಕೊಟ್ಟೆ. ಕಣ್ಣುಗಳು ಸುಮಾರು ನಾಲ್ಕು ಮಿಲಿಮೀಟರ್. ಕೊಳ್ಳುವಾಗ ಈ ಕಣ್ಣಿನ ಅಳತೆಯನ್ನೇ ಮೊದಲು ನೋಡಿ. ಕಣ್ಣೇ ಇಲ್ಲದ ಇಡೀ ಹಾಳೆಗಳೂ ಅದೇ ಹೆಸರಿನಲ್ಲಿ ಸಿಗುತ್ತವೆ, ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇಡೀ ಹಾಳೆಯ ಮೇಲಿಟ್ಟರೆ ಮೀನಿನ ಕೆಳಮೈಗೆ ಹೊಗೆ ತಾಗುವುದಿಲ್ಲ, ನೀರು ಅಲ್ಲೇ ನಿಂತು ಬೆಂದಂತಾಗುತ್ತದೆ. ಬಾಳೆಎಲೆ ಹಾಸಿದಾಗಲೂ ಇದೇ ಆಗುತ್ತದೆ, ಕಾಸು ಮಾತ್ರ ಉಳಿಯುತ್ತದೆ.

ಇದರ ನಿಜವಾದ ಗುಣ ತಿಳಿದದ್ದು ಜೀರಿಗೆ ಮೆಣಸಿನಲ್ಲಿ. ಬೆರಳಿನ ಗೆಣ್ಣಿಗಿಂತ ಚಿಕ್ಕದಾದ ಆ ಮೆಣಸು ಸರಳಿನ ರ್ಯಾಕ್ ಮೇಲೆ ನಿಲ್ಲುವುದೇ ಇಲ್ಲ. ಒಣಗುತ್ತ ಒಣಗುತ್ತ ಒಂದೊಂದಾಗಿ ಕೆಂಡಕ್ಕೆ ಬಿದ್ದು, ಹಿತ್ತಿಲಿಗೆ ಬಂದವರೆಲ್ಲ ಸೀನುವಂತೆ ಮಾಡುತ್ತದೆ. ಜಾಲರಿ ಹಾಳೆಯ ಮೇಲೆ ಒಂದೂ ಬೀಳಲಿಲ್ಲ. ಉಪ್ಪಾಗೆಗೂ ಹಾಗೆಯೇ: ಹುಳಿ ತಾಗಿದರೆ ಪಿಟಿಎಫ್‌ಇಗೆ ಏನೂ ಆಗುವುದಿಲ್ಲ, ಅಚ್ಚಿಲ್ಲ, ಪುಡಿಯಿಲ್ಲ. ಒಣಗಿದ ಮೇಲೆ ಹಾಳೆಯ ಎರಡು ತುದಿ ಹಿಡಿದು ಮೊರಕ್ಕೆ ಸುರಿದರೆ ಸಿಪ್ಪೆಗಳು ಗಳಗಳನೆ ಉದುರುತ್ತವೆ. ಜಿಐ ಜಾಲರಿಯ ಕಾಲದಲ್ಲಿ ಅವನ್ನು ಚಮಚದಿಂದ ಕೆರೆದು ಎಬ್ಬಿಸುತ್ತಿದ್ದೆ.

ಬಂಗುಡೆಯ ವಿಷಯದಲ್ಲಿ ಮಾತ್ರ ಹಾಳೆಯನ್ನು ಪೂರ್ತಿ ಹೊಗಳಲಾರೆ. ಮೊದಲ ಸಲ ಮೀನು ಇದಕ್ಕೂ ಅಂಟಿತು. ಉಪ್ಪುನೀರಿನಿಂದ ತೆಗೆದ ಮೀನನ್ನು ಒದ್ದೆಯಲ್ಲೇ ಇಟ್ಟಿದ್ದೆ. ಈಗ ಉಪ್ಪುನೀರು ಬಸಿದು, ಬಟ್ಟೆಯಲ್ಲಿ ಒತ್ತಿ, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಇಡುತ್ತೇನೆ. ಮುಟ್ಟಿದರೆ ಬೆರಳಿಗೆ ನೀರು ತಾಗದೆ ಸ್ವಲ್ಪ ಜಿಗುಟೆನಿಸಬೇಕು, ಆ ಹದಕ್ಕೆ ಬಂದ ಮೀನಿನ ಚರ್ಮ ಹೊಗೆಯನ್ನೂ ಚೆನ್ನಾಗಿ ಹಿಡಿಯುತ್ತದೆ, ಜಾಲರಿಯನ್ನೂ ಬಿಡುತ್ತದೆ. ಕರೆಂಟು ಹೋದ ದಿನ ಈ ಹದ ಬರುವುದಿಲ್ಲ, ಅಂದು ಮೀನು ಸಾರಿಗೆ ಹೋಗುತ್ತದೆ. ಜೂನ್ 1ರಿಂದ 61 ದಿನ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೇ ತಿಂಗಳಲ್ಲೇ ಘಟ್ಟ ಹತ್ತಿ ಬಂದ ಬಂಗುಡೆಗೆ ಹೊಗೆ ಕೊಟ್ಟು ಫ್ರೀಜರ್‌ಗೆ ಹಾಕಿಡುತ್ತೇನೆ. ಬಿಸಿ ಹೊಗೆ ಕೊಟ್ಟ ಮೀನು ಹೊರಗಿಟ್ಟರೆ ಕೆಡುತ್ತದೆ, ಹೊಗೆ ಬಿದ್ದಿದೆ ಎಂದು ಧೈರ್ಯ ಮಾಡಬೇಡಿ.

ಇನ್ನು ದೂರುಗಳು. ಮೊದಲ ಬಾರಿ ತರಿಸಿದ್ದು 50×40 ಸೆಂಟಿಮೀಟರಿನ ಹಾಳೆಗಳು. ಡ್ರಮ್ಮಿನ ಒಳವ್ಯಾಸ 57. ಮೂಲೆಗಳು ಗೋಡೆಗೆ ತಾಗಿ ಮೇಲೆದ್ದವು, ಕತ್ತರಿ ತೆಗೆದುಕೊಂಡು ದುಂಡಗೆ ಕತ್ತರಿಸಿಬಿಟ್ಟೆ. ಆರು ತಿಂಗಳಲ್ಲಿ ಅಂಚಿನ ನೂಲು ಬಿಚ್ಚಿಕೊಂಡಿತು. ತೊಳೆಯುವಾಗ ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದ ಮುಳ್ಳು ಚುಚ್ಚಿದಂತೆ ತುರಿಕೆ. ಅದು ಗಾಜಿನ ನೂಲು, ಊಟಕ್ಕೆ ಬೀಳಬಾರದ ವಸ್ತು. ಮೂರನ್ನೂ ಎಸೆದೆ. ಎರಡನೆಯ ಬಾರಿ 40×33ರ ಹಾಳೆ ತರಿಸಿದೆ. ಅದರ ಮೂಲೆಯಿಂದ ಮೂಲೆಗೆ 52 ಸೆಂಟಿಮೀಟರ್, ಕತ್ತರಿಯ ಸಹವಾಸವಿಲ್ಲದೆ ಡ್ರಮ್ಮಿನೊಳಗೆ ಕೂರುತ್ತದೆ. ಮೊದಲೇ ಟೇಪು ಹಿಡಿದು ಅಳೆದಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು.

ಎರಡನೆಯ ದೂರು ಹಾಳೆಯ ಮೇಲಲ್ಲ, ತೊಳೆಯುವವರ ಮೇಲೆ. ಒಂದು ಸಂಜೆ ಬಚ್ಚಲ ಕಟ್ಟೆಯ ಹತ್ತಿರ ಬರಬರ ಸದ್ದು ಕೇಳಿ ಹೋಗಿ ನೋಡಿದರೆ ಅತ್ತೆ ತೆಂಗಿನ ಗುಂಜಿಗೆ ಬೂದಿ ಹಚ್ಚಿಕೊಂಡು ಹೊಸ ಹಾಳೆಯನ್ನು ತಿಕ್ಕುತ್ತಿದ್ದರು. "ಅತ್ತೆ, ಅದನ್ನು ಹಾಗೆ ತಿಕ್ಕಬಾರದು" ಎಂದೆ. "ತಿಕ್ಕದಿದ್ದರೆ ಮೀನಿನ ವಾಸನೆ ಹೋಗುತ್ತದೆಯೇ? ತಿಕ್ಕಿದರೆ ಹಾಳಾಗುವ ಸಾಮಾನಿಗೆ ದುಡ್ಡು ಕೊಟ್ಟು ತಂದದ್ದು ಯಾರು?" ಎಂದು ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ಆ ಹಾಳೆಯ ಒಂದು ಭಾಗದಲ್ಲಿ ಲೇಪ ಹೋಗಿ ಬೆಳ್ಳಗಿನ ನೂಲು ಕಂಡಿತು, ಅದೂ ಹೋಯಿತು. ಈಗ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಅರ್ಧ ಗಂಟೆ ನೆನೆಸಿ, ಮೆತ್ತನೆಯ ಸ್ಪಂಜಿನಿಂದ ಒರೆಸುತ್ತೇನೆ. ಮಡಚಿದರೆ ಮಡಿಕೆಯಲ್ಲಿ ಲೇಪ ಬಿರಿಯುತ್ತದೆ, ಹಾಗಾಗಿ ಸುರುಳಿ ಸುತ್ತಿಡಬೇಕು.

ಈಗ ಹಂದಿಮಾಂಸ. ಕಳೆದ ದೀಪಾವಳಿಗೆ ಕೊಬ್ಬಿರುವ ತುಂಡುಗಳನ್ನು ಹಾಳೆಯ ಮೇಲೇ ಇಟ್ಟೆವು. ಡ್ರಮ್ಮಿನಲ್ಲಿ ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಹಾಳೆ ತಡೆಯುವುದು 260 ಡಿಗ್ರಿ, ಭಯವೇನು ಎಂದುಕೊಂಡಿದ್ದೆವು. ಕೊಬ್ಬು ಕರಗಿ ಕಣ್ಣುಗಳಿಂದ ಇಳಿದು ಕೆಂಡಕ್ಕೆ ಬಿತ್ತು. ಭುಗ್ಗೆಂದು ಎದ್ದ ಜ್ವಾಲೆ ಹಾಳೆಯ ಒಂದು ಮೂಲೆಯನ್ನು ನೆಕ್ಕಿತು. ಮನೆಯವರು ಗಾಳಿಕಿಂಡಿ ಮುಚ್ಚುವಷ್ಟರಲ್ಲಿ ಆ ಮೂಲೆ ಕರಿಕಾಗಿ, ಸುರುಟಿ, ಸುಟ್ಟ ಕೂದಲಿನಂತೆ ನಿಂತಿತ್ತು. ಜ್ವಾಲೆ ತಾಗುವ ಜಾಗದ ಬಿಸಿಗೂ ಮುಚ್ಚಳದ ಥರ್ಮಾಮೀಟರ್ ತೋರಿಸುವ ಬಿಸಿಗೂ ಸಂಬಂಧವಿಲ್ಲ. ಮಿತಿ ಮೀರಿ ಕಾದ ಪಿಟಿಎಫ್‌ಇಯಿಂದ ಏಳುವ ಅನಿಲ ಮನುಷ್ಯರಿಗೆ ಜ್ವರದಂಥ ಲಕ್ಷಣ ತರುತ್ತದೆ, ಹಕ್ಕಿಗಳನ್ನಂತೂ ಕೊಲ್ಲಬಲ್ಲದು. ನಮ್ಮ ಕೋಳಿಗೂಡು ಡ್ರಮ್ಮಿನಿಂದ ಎಂಟು ಹೆಜ್ಜೆ ದೂರದಲ್ಲಿತ್ತು. ಗಾಳಿ ಆ ಕಡೆಗೆ ಬೀಸುತ್ತಿರಲಿಲ್ಲ, ಕೋಳಿಗಳಿಗೆ ಏನೂ ಆಗಲಿಲ್ಲ. ಮರುದಿನವೇ ಗೂಡನ್ನು ಮನೆಯ ಮುಂಭಾಗಕ್ಕೆ ಸಾಗಿಸಿದೆವು, ಅಂಗಳ ಹೊಲಸಾಗುತ್ತದೆ ಎಂಬ ಅತ್ತೆಯ ಗೊಣಗಾಟದೊಂದಿಗೆ. ಮೇಲಿನ ಭಾಗದ ಮಾಂಸವನ್ನೂ ಯಾರೂ ತಿನ್ನಲಿಲ್ಲ. ಈಗ ಹಂದಿಮಾಂಸವನ್ನು ಕೊಕ್ಕೆಗೆ ನೇತುಹಾಕುತ್ತೇವೆ, ಕೆಳಗೆ ಕೊಬ್ಬು ಹಿಡಿಯಲು ನೀರಿನ ತಟ್ಟೆ.

ಪೊಟ್ಟಣದ ಮೇಲೆ ಪಿಎಫ್‌ಒಎ ಇಲ್ಲ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಲೇಪ ತಯಾರಿಸುವಾಗ ಹಿಂದೆ ಬಳಸುತ್ತಿದ್ದ ಒಂದು ರಾಸಾಯನಿಕ. ಅದಿಲ್ಲ ಎಂದರೆ ಟೆಫ್ಲಾನೇ ಇಲ್ಲ ಎಂದಲ್ಲ, ಬೆಂಕಿಗೆ ಹೆದರಬೇಕಾಗಿಲ್ಲ ಎಂದೂ ಅಲ್ಲ. ಲೇಪವೇ ಬೇಡ ಎನ್ನುವವರಿಗೆ ಸಿಲಿಕೋನ್ ಜಾಲರಿ ಸಿಗುತ್ತದೆ. ಒಂದನ್ನು ತಂದು ನೋಡಿದೆ: ನೂಲು ಬಿಚ್ಚುವ ತಾಪತ್ರಯವಿಲ್ಲ, ಆದರೆ ಬಂಗುಡೆಯ ವಾಸನೆ ಹಿಡಿದರೆ ಬಿಡುವುದಿಲ್ಲ. ನಮ್ಮದು ಈಗ ಮೆಣಸಿಗೆ ಮಾತ್ರ ಮೀಸಲು.

ಕೊನೆಗೆ ರ್ಯಾಕ್. ನಿಜ ಹೇಳಬೇಕೆಂದರೆ ಇದನ್ನೇ ಮೊದಲು ಮಾಡಿಸಬೇಕಿತ್ತು. ಹಾಳೆ ಬಟ್ಟೆಯಂತೆ ಮೆತ್ತಗೆ, ಎರಡು ಸರಳಿನ ಮೇಲೆ ಹಾಸಿದರೆ ಮೀನಿನ ಭಾರಕ್ಕೆ ತೊಟ್ಟಿಲಾಗುತ್ತದೆ, ಎಲ್ಲ ಮೀನೂ ನಡುವಿಗೆ ಜಾರಿ ಒಂದಕ್ಕೊಂದು ಅಂಟುತ್ತವೆ. ವೆಲ್ಡಿಂಗ್ ಅಂಗಡಿಯಲ್ಲಿ ಮೊದಲು ಮಾಡಿಸಿದ ರ್ಯಾಕ್ ಒಂದೇ ಮಳೆಗಾಲಕ್ಕೆ ಬೆಸುಗೆಯ ಹತ್ತಿರ ತುಕ್ಕು ಹಿಡಿಯಿತು. 304 ದರ್ಜೆಯ ಸ್ಟೀಲ್ ಎಂದು ಹೇಳಿ ಕೊಟ್ಟದ್ದು ಕೆಳದರ್ಜೆಯ 202 ಇರಬೇಕು ಎಂಬುದು ನನ್ನ ಗುಮಾನಿ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು, ಉಪ್ಪು ಹುಳಿಗಳಿಗೆ ಬೇಗ ಸೋಲುತ್ತದೆ. ಅಯಸ್ಕಾಂತ ಹಿಡಿದು ನೋಡಿ ಎಂದು ಎಲ್ಲರೂ ಹೇಳುತ್ತಾರೆ, ಅದರಿಂದ ಈ ಎರಡನ್ನು ಬೇರೆ ಮಾಡಲಾಗುವುದಿಲ್ಲ, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಎರಡನೆಯ ಸಲ ಬಿಲ್ಲಿನಲ್ಲಿ 304 ಎಂದು ಬರೆಸಿಕೊಂಡೆ, ಬೆಸುಗೆಯನ್ನು ಕಬ್ಬಿಣದ ಬ್ರಷ್‌ನಿಂದ ಉಜ್ಜಬೇಡಿ ಎಂದೂ ಹೇಳಿದೆ, ಏಕೆಂದರೆ ಅದರ ಕಬ್ಬಿಣದ ಕಣಗಳು ಸ್ಟೀಲಿನಲ್ಲಿ ಕೂತು ತುಕ್ಕಾಗುತ್ತವೆ. ಒಂದಕ್ಕೆ 1,400 ರೂಪಾಯಿ, ಸರಳುಗಳ ನಡುವೆ ಒಂದು ಬೆರಳಿನ ಅಂತರ. ಎರಡು ಮಳೆಗಾಲ ಕಳೆದರೂ ಒಂದು ಚುಕ್ಕೆ ತುಕ್ಕಿಲ್ಲ. ಇದನ್ನು ಅತ್ತೆ ಗುಂಜು ಹಾಕಿ ಎಷ್ಟು ಬೇಕಾದರೂ ತಿಕ್ಕಬಹುದು, ತಿಕ್ಕುತ್ತಾರೆ ಕೂಡ.

ಈಗ ಉಳಿದಿರುವುದು ಎರಡು ನಾನ್‌ಸ್ಟಿಕ್ ಹಾಳೆ. ಹಿತ್ತಿಲ ಗೋಡೆಯಲ್ಲಿ ಎರಡು ಮೊಳೆ ಹೊಡೆದಿದ್ದೇನೆ, ಎಡಗಡೆಯದಕ್ಕೆ ಮೀನಿನ ಸುರುಳಿ, ಬಲಗಡೆಯದಕ್ಕೆ ಉಪ್ಪಾಗೆಯದು. ಮೀನಿನ ಹಾಳೆಯ ಒಂದು ಅಂಚು ಸಡಿಲವಾಗುತ್ತಿದೆ. ಈ ಮೇ ತಿಂಗಳ ಬಂಗುಡೆ ಮುಗಿದ ಮೇಲೆ ಅದನ್ನು ಎಸೆದು, ಅದೇ 40×33ರದ್ದನ್ನೇ ಮತ್ತೆ ತರಿಸುತ್ತೇನೆ.