ಗಾಳಿಗೆ ಸಿಗಿದ ಬೇವಿನ ಮರ, ಕೊಂಬೆ ಇಳಿಸಲು ಬಂದ ಅಣ್ಣ ತಮ್ಮ

ಕಳೆದ ಮೇ ತಿಂಗಳ ಗಾಳಿ ಮಳೆಗೆ ನಮ್ಮ ಮನೆ ಮುಂದಿನ ಬೇವಿನ ಮರದ ದೊಡ್ಡ ಕೊಂಬೆಯೊಂದು ಮುರಿದು ಜೋತುಬಿತ್ತು. ಬರೀ ಮುರಿದಿದ್ದರೆ ಪರವಾಗಿರಲಿಲ್ಲ, ಕೆಳಗೆ ಬಾಗುವಾಗ ಕಾಂಡದ ತೊಗಟೆಯನ್ನೂ ಮೊಳದುದ್ದ ಸಿಗಿದುಕೊಂಡು ಬಂದಿತ್ತು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಬೀದಿಗೆ ನೆರಳು ಅಂತ ಇರುವುದು ಇದೊಂದೇ ಮರ. ಕಡಿಸಿಬಿಡಿ ಅಂದವರೇ ಜಾಸ್ತಿ. ನನಗೆ ಮನಸ್ಸು ಬರಲಿಲ್ಲ. ತರಕಾರಿ ಅಂಗಡಿಯವರು ಹರಿಹರದ ಕಡೆಯಿಂದ ಬರುವ ಅಣ್ಣ ತಮ್ಮ ಇಬ್ಬರನ್ನು ಕಳಿಸಿದರು. ಕೊಂಬೆ ಇಳಿಸುವುದೇ ಅವರ ಕಸುಬು.

ಏಳೆಂಟು ವರ್ಷದ ಹಿಂದೆ ಬೇರೆಯವರು ಇದೇ ಮರದ ಇನ್ನೊಂದು ಕೊಂಬೆಯನ್ನು ಕಾಂಡಕ್ಕೆ ಸಮವಾಗಿ ಕೊಯ್ದು, ಮೇಲೆ ಡಾಂಬರು ಬಳಿದು ಹೋಗಿದ್ದರು. ಆಗ ನೋಡಲು ನೀಟಾಗಿತ್ತು. ಈಗ ಅಲ್ಲಿ ಕೈ ತೂರುವಷ್ಟು ಪೊಟರೆ. ಅಣ್ಣ ಅದನ್ನೇ ಮೊದಲು ನೋಡಿದರು. "ಬಳೆ ತೆಗೆದುಬಿಟ್ಟಿದ್ದಾರೆ ಅಕ್ಕಾ, ಇನ್ನು ಹೇಗೆ ಕೂಡುತ್ತೆ" ಅಂದರು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಸುತ್ತ ಉಬ್ಬಿಕೊಂಡಿರುತ್ತದಲ್ಲ, ಅದಕ್ಕೆ ಅವರು ಬಳೆ ಅನ್ನುತ್ತಾರೆ. ಗಾಯ ಮುಚ್ಚುವ ಹೊಸ ಕಟ್ಟಿಗೆ ಬೆಳೆಯುವುದು ಅಲ್ಲಿಂದಲೇ.

ಬೆಸ್ಕಾಂನವರಿಗೆ ಹೇಳಿ ಕರೆಂಟ್ ತೆಗೆಸಿದ ಮೇಲೆಯೇ ಮರ ಹತ್ತಿದ್ದು ತಮ್ಮ. ಬಳೆಯಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಅರ್ಧ ಗರಗಸ ಹಾಕಿ, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಹಗ್ಗದಲ್ಲಿ ಇಳಿಸಿ, ಉಳಿದ ಮೋಟನ್ನು ಕೊನೆಗೆ ಬಳೆ ಬಿಟ್ಟು ತೆಗೆದರು. ಹೀಗೆ ಮಾಡಿದರೆ ಭಾರಕ್ಕೆ ತೊಗಟೆ ಮತ್ತೆ ಸಿಗಿಯುವುದಿಲ್ಲ. ಸಿಗಿದ ಜಾಗದಲ್ಲಿ ಸಡಿಲವಾಗಿ ಒಣಗಿದ್ದ ತೊಗಟೆಯನ್ನಷ್ಟೇ ಹರಿತವಾದ ಚಾಕುವಿನಿಂದ ತೆಗೆದರು, ಗಟ್ಟಿಯಾಗಿ ಅಂಟಿದ್ದನ್ನು ಮುಟ್ಟಲಿಲ್ಲ. ಬಣ್ಣ, ಡಾಂಬರು, ಸಗಣಿ ಏನೂ ಬೇಡ ಅಂದರು. ಪಕ್ಕದ ಮನೆಯವರು ಮರದ ತಲೆ ಪೂರ್ತಿ ಬೋಳಿಸಿ ಅಂದಾಗಲೂ ಒಪ್ಪಲಿಲ್ಲ. ಕಾಲು ಭಾಗಕ್ಕಿಂತ ಜಾಸ್ತಿ ಎಲೆ ಹೋದರೆ ಮರ ಊಟ ಮಾಡುವುದು ಹೇಗೆ ಅಂತ ಕೇಳಿದರು.

ನಾನು ಆಮೇಲೆ ಕೂತು ಇದನ್ನೆಲ್ಲ ಓದಿದೆ. ನಮ್ಮ ಚರ್ಮದ ಗಾಯದ ಹಾಗೆ ಮರದ ಗಾಯ ಮಾಯುವುದೇ ಇಲ್ಲವಂತೆ. ಪೆಟ್ಟು ಬಿದ್ದ ಕಟ್ಟಿಗೆ ಒಳಗೆ ಹಾಗೇ ಇರುತ್ತದೆ, ಮರ ಅದರ ಸುತ್ತ ಗೋಡೆ ಕಟ್ಟಿ ಬೇರೆ ಮಾಡುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, 1977ರಲ್ಲಿ ಈ ಗೋಡೆಗಳು ನಾಲ್ಕು ಅಂತ ವಿವರಿಸಿದರು. ಕೊಳೆಯುವುದು ಮೇಲಕ್ಕೂ ಕೆಳಕ್ಕೂ ಹರಡದಂತೆ ತಡೆಯುವ ಗೋಡೆ ಎಲ್ಲಕ್ಕಿಂತ ದುರ್ಬಲ, ಅದಕ್ಕೇ ಅದು ಕಾಂಡದುದ್ದಕ್ಕೂ ಉದ್ದವಾಗಿ ಸಾಗುತ್ತದೆ. ಪೆಟ್ಟು ಬಿದ್ದ ಮೇಲೆ ಬೆಳೆಯುವ ಹೊಸ ಕಟ್ಟಿಗೆಯನ್ನು ಕಾಯುವ ಗೋಡೆ ಎಲ್ಲಕ್ಕಿಂತ ಗಟ್ಟಿ. ನಮ್ಮ ಕಡೆ ಒಳಗೆಲ್ಲ ಟೊಳ್ಳಾದ ಹುಣಸೆ ಮರಗಳು ಹಸಿರಾಗಿ ಕಾಯಿ ಬಿಡುವುದನ್ನು ನೋಡಿದ್ದೀರಿ ಅಲ್ವಾ, ಅದರ ಗುಟ್ಟು ಇದೇ. ಡಾಂಬರು ಕೊಳೆಯುವುದನ್ನು ತಡೆಯುವುದಿಲ್ಲ ಅಂತಲೂ ಶೈಗೊ ತೋರಿಸಿದ್ದರು.

ತಕರಾರು ಎರಡಿವೆ. ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದರು. ಕಿತ್ತ ತೊಗಟೆ ಹಸಿಯಾಗಿದ್ದಾಗಲೇ ಬಂದಿದ್ದರೆ ಒತ್ತಿ ಕಟ್ಟಿ ನೋಡಬಹುದಿತ್ತು, ಒಂದೊಂದು ಸಲ ಅದು ಕೂಡಿಕೊಳ್ಳುತ್ತದೆ. ಇನ್ನೊಂದು, ಸೊಂಟಕ್ಕೆ ಬರೀ ಹಗ್ಗ ಸುತ್ತಿಕೊಂಡು ತಮ್ಮ ಹತ್ತುತ್ತಾರೆ. ಅಷ್ಟು ಚೆನ್ನಾಗಿ ಕೆಲಸ ಬಲ್ಲ ಹುಡುಗ, ದಯವಿಟ್ಟು ಸೇಫ್ಟಿ ಬೆಲ್ಟ್ ಹಾಕಿಕೊಳ್ಳಲಿ. 2,500 ರೂಪಾಯಿ ಕೊಟ್ಟೆ, ಕಸ ಸಾಗಿಸುವುದಕ್ಕೆ ಬೇರೆ ಕೊಡಬೇಕಾಯಿತು.

ಮಳೆಗಾಲ ಮುಗಿದ ಮೇಲೆ ಬಂದು ನೋಡುತ್ತೇವೆ ಅಂದಿದ್ದರು, ಬಂದರು. ಕೊಯ್ದ ಜಾಗದ ಸುತ್ತ ಹೊಸ ಅಂಚು ಬೆರಳಗಲ ಉಬ್ಬಿ, ಎಲ್ಲ ಕಡೆಯಿಂದ ಒಳಕ್ಕೆ ಬರುತ್ತಿದೆ. ಅಣ್ಣ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಈ ಸಲ ಕಾಸು ಕೇಳಲಿಲ್ಲ.