ರಿವೆಟ್, ಟೇಪ್, ಸಿಲಿಕಾನ್, ಎಂ.ಎಸ್., ಪಿಯು: ಮಿನಿ ಬಸ್ಸಿನ ಪಕ್ಕದ ಶೀಟಿಗೆ ಯಾವುದು?

ಪಕ್ಕದ ಶೀಟಿಗೆ ರಿವೆಟ್ ಹೊಡೆಯುವುದು ಬಿಟ್ಟು ಪಿಯು (ಪಾಲಿಯುರೆಥೇನ್) ಅಂಟು ಹಾಕಲು ಶುರು ಮಾಡಿದ ಮೇಲೆ, "ಮಳೆ ಬಂದ್ರೆ ಸೀಟಿನ ಮೇಲೆ ನೀರು" ಅಂತ ನಮ್ಮ ಶೆಡ್ಡಿಗೆ ವಾಪಸ್ ಬರುವ ಗಾಡಿಗಳು ತೀರಾ ಕಡಿಮೆಯಾಗಿವೆ. ಹಾಗಾಗಿ ನಾನು ಯಾರ ಕಡೆ ಅನ್ನೋದು ಗುಟ್ಟೇನಲ್ಲ. ನಮ್ಮದು ದಾವಣಗೆರೆಯಲ್ಲಿ ಸಣ್ಣ ಬಾಡಿ ಶೆಡ್ಡು. ಶಾಲೆ ವಾಹನ, ಮದುವೆ ದಿಬ್ಬಣದ ಮಿನಿ ಬಸ್ಸು, ಅಪರೂಪಕ್ಕೊಂದು ತಿಂಡಿ ಗಾಡಿ. ಕಬ್ಬಿಣದ ಚೌಕ ಪೈಪಿನ ಫ್ರೇಮು, ಅದರ ಮೇಲೆ ಅಲ್ಯೂಮಿನಿಯಂ ಶೀಟು, ಮುಂದೆ ಫೈಬರ್ ಶೋ, ಅಂದರೆ ಗಾಡಿಯ ಮುಖ.

ರಿವೆಟ್ಟನ್ನು ಬೈಯಲು ನನಗೆ ಬಾಯಿ ಬರಲ್ಲ. ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನ ಪಕ್ಕದ ರಿವೆಟ್ ಸಾಲು ನೋಡಿಕೊಂಡೇ ಕೆಲಸ ಕಲಿತವರು ನಾವು. ಹೊಡೆದ ತಕ್ಷಣ ಹಿಡಿಯುತ್ತದೆ. ಶೀಟು ಜಜ್ಜಿದರೆ ಡ್ರಿಲ್ ಮಾಡಿ ತೆಗೆದು ಬೇರೆ ಹಾಕಬಹುದು. ತೊಂದರೆ ಇರುವುದು ಬಿಸಿಲಿನಲ್ಲಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಬಾಡಿಯ ಬಿಸಿ 40 ಡಿಗ್ರಿ ಏರಿತು ಅಂದುಕೊಳ್ಳಿ. 6 ಮೀಟರ್ ಶೀಟು ತನ್ನ ಕೆಳಗಿನ ಫ್ರೇಮಿಗಿಂತ ಹತ್ತಿರ ಹತ್ತಿರ 3 ಮಿ.ಮೀ. ಜಾಸ್ತಿ ಉದ್ದವಾಗುತ್ತದೆ. ರಿವೆಟ್ ಜಗ್ಗಲ್ಲ. ಆ 3 ಮಿ.ಮೀ. ಎಲ್ಲಿಗೆ ಹೋಗಬೇಕು? ಶೀಟು ಅಲೆ ಅಲೆಯಾಗಿ ಉಬ್ಬುತ್ತದೆ, ಇಲ್ಲವೇ ರಿವೆಟ್ಟಿನ ತೂತು ಅಗಲವಾಗುತ್ತದೆ. ಆಮೇಲೆ ಆ ತೂತಿನಿಂದಲೇ ನೀರು. ಅಲ್ಯೂಮಿನಿಯಮ್ಮು ಕಬ್ಬಿಣ ತಾಗುವ ಕಡೆ ತೇವ ನಿಂತರೆ ಬಿಳಿ ಪುಡಿ ಉದುರುತ್ತದೆ, ಹಳೇ ಬಸ್ಸಿನಲ್ಲಿ ನೋಡೇ ಇರ್ತೀರಿ.

ಜಗ್ಗುವ ಅಂಟಿನ ಲಾಭ ಇಲ್ಲೇ. ಶೀಟಿಗೂ ಫ್ರೇಮಿಗೂ ನಡುವೆ 3ರಿಂದ 5 ಮಿ.ಮೀ. ದಪ್ಪದ ರಬ್ಬರ್ ಪದರ ಕೂರುತ್ತದೆ. ಶೀಟು ಎಳೆದಾಗ ಅದು ಒರಗುತ್ತದೆ, ತಣ್ಣಗಾದಾಗ ವಾಪಸ್ ಬರುತ್ತದೆ. ಎರಡು ಲೋಹ ಒಂದಕ್ಕೊಂದು ತಾಗುವುದೂ ಇಲ್ಲ. ಆದರೆ ದಪ್ಪ ಉಳಿಯಬೇಕು. ಶೀಟನ್ನು ಗಟ್ಟಿಯಾಗಿ ಒತ್ತಿ ಪದರವನ್ನು ಕಾಗದದಷ್ಟು ತೆಳು ಮಾಡಿದರೆ ಜಗ್ಗಲು ಏನು ಉಳಿಯಿತು? ಅದಕ್ಕೇ ನಾವು ಅಲ್ಲಲ್ಲಿ ಸಣ್ಣ ರಬ್ಬರ್ ತುಂಡು ಇಟ್ಟು ಆಮೇಲೆ ಒತ್ತುತ್ತೇವೆ. ಎಪಾಕ್ಸಿ ಅಂಟು ಈ ಕೆಲಸಕ್ಕೆ ಬೇಡ. ಅದು ಬಿಗಿ, ಜಗ್ಗಲ್ಲ.

ಇನ್ನು ಟೇಪು. ಎರಡೂ ಕಡೆ ಅಂಟುವ ಫೋಮ್ ಟೇಪು ಒಳ್ಳೆಯದೇ, ಫ್ಯಾಕ್ಟರಿಯ ಸಪಾಟು ಫ್ರೇಮಿಗೆ. ಕೈಯಲ್ಲಿ ವೆಲ್ಡ್ ಮಾಡಿದ ನಮ್ಮ ಫ್ರೇಮಿನಲ್ಲಿ ಅಲ್ಲಲ್ಲಿ 2 ಮಿ.ಮೀ. ತಗ್ಗು ಇದ್ದೇ ಇರುತ್ತದೆ. ಒಂದು ಮಿಲಿಮೀಟರಿನ ಟೇಪು ಅದನ್ನು ತುಂಬಲ್ಲ. ಮುಗೀತು.

ಸಿಲಿಕಾನ್ ಬಿಸಿಲಿಗೆ ಬಗ್ಗಲ್ಲ, ಅಗ್ಗ, ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಶೀಟು ಹೊರುವಷ್ಟು ಬಲ ಮಾತ್ರ ಅದಕ್ಕಿಲ್ಲ. ವಿನೆಗರ್ ವಾಸನೆ ಬರುವ ಬಗೆಯದಾದರೆ ಲೋಹಕ್ಕೆ ತುಕ್ಕು ಬೇರೆ. ಅದಕ್ಕಿಂತ ದೊಡ್ಡ ತಲೆನೋವು ಪೇಂಟಿಂಗ್. ಸಿಲಿಕಾನ್ ಮೇಲೆ ಬಣ್ಣ ನಿಲ್ಲಲ್ಲ. ಮುಟ್ಟಿದ ಕೈಯಲ್ಲಿ ಶೀಟು ಸವರಿದರೂ ಸಾಕು, ಬಣ್ಣದಲ್ಲಿ ಸಣ್ಣ ಸಣ್ಣ ಗುಳಿ ಏಳುತ್ತವೆ. "ಅಣ್ಣಾ, ಸಿಲಿಕಾನ್ ಟ್ಯೂಬು ಶೆಡ್ಡೊಳಗೆ ಬಂದ್ರೆ ನಾನು ಹೊರಗೆ" ಅಂತ ನಮ್ಮ ಪೇಂಟರ್ ಹೇಳಿಬಿಟ್ಟಿದ್ದಾನೆ. ಅವನ ಮಾತೇ ನಮಗೆ ಕಾನೂನು.

ಉಳಿದದ್ದು ಎಂ.ಎಸ್. (ಮಾಡಿಫೈಡ್ ಸಿಲೇನ್) ಪಾಲಿಮರ್ ಅಂಟು ಮತ್ತು ಪಿಯು. ನಿಜವಾದ ಪೈಪೋಟಿ ಇವೆರಡರದೇ.

ಎಂ.ಎಸ್. ಸಾಧು ಸ್ವಭಾವದ ಅಂಟು. ಪಿಯುನಲ್ಲಿರುವ ಐಸೊಸಯನೇಟ್ ಅನ್ನೋ ರಾಸಾಯನಿಕ ಇದರಲ್ಲಿಲ್ಲ, ಹಾಗಾಗಿ ಉಸಿರಾಟದ ಭಯ ಕಡಿಮೆ. ಗುಳ್ಳೆ ಏಳಲ್ಲ. ಬಹಳ ಕಡೆ ಪ್ರೈಮರ್ ಬೇಡ. ಬಿಸಿಲಿಗೆ ಪಿಯುಗಿಂತ ಚೆನ್ನಾಗಿ ತಡೆಯುತ್ತದೆ. ಮೇಲ್ಛಾವಣಿಯ ಹ್ಯಾಚಿಗೆ, ಫೈಬರ್ ಶೋ ಸಂದಿಗೆ ನಾನು ಇದನ್ನೇ ಹಾಕುವುದು. ಆದರೆ ಬೆಲೆ ಜಾಸ್ತಿ. ನಾವು ತಂದ ಬಗೆಯದು ಒಣಗಿದ ಮೇಲೂ ಪಿಯುನಷ್ಟು ಗಡಸಾಗಲಿಲ್ಲ. ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವ ಗಾಡಿಯ ಬಾಡಿ ಪ್ರತಿ ತಿರುವಿನಲ್ಲೂ ತಿರುಚುತ್ತದೆ. ಅದರ ಇಡೀ ಪಕ್ಕಕ್ಕೆ ನನಗೆ ಪಿಯು ಇದ್ದರೇ ಧೈರ್ಯ.

ಈಗ ಪಿಯುನ ಕಾಟಕ್ಕೆ ಬರೋಣ. ಅದು ಒಣಗುವ ರೀತಿ. ಒಣಗುತ್ತದೆ ಅಂತ ನಾವು ಅಂದರೂ ಅದಕ್ಕೆ ಬೇಕಾಗಿರುವುದು ಗಾಳಿಯಲ್ಲಿನ ನೀರಿನಂಶ. ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಹದವಾದ ಹವೆಯಲ್ಲಿ ಮೊದಲ ದಿನ 3-4 ಮಿ.ಮೀ. ಆಳ. ಎರಡನೇ ದಿನ ಅಷ್ಟು ಆಗಲ್ಲ, ಯಾಕಂದರೆ ಗಟ್ಟಿಯಾದ ಪದರವನ್ನು ದಾಟಿಕೊಂಡು ತೇವ ಒಳಗೆ ಹೋಗಬೇಕು. ಶೀಟೂ ಫ್ರೇಮೂ ಲೋಹ, ಅಲ್ಲಿಂದ ಗಾಳಿ ಬರುವಂತಿಲ್ಲ. ಎರಡು ಅಂಚುಗಳೇ ದಾರಿ.

ಹಾಗಾಗಿ ಅಂಟಿನ ಗೆರೆ ಎಷ್ಟು ಅಗಲ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಒತ್ತಿದ ಮೇಲೆ 14 ಮಿ.ಮೀ. ಅಗಲ ಇದ್ದರೆ ಎರಡೂ ಕಡೆಯಿಂದ 7 ಮಿ.ಮೀ. ಒಳಗೆ ಹೋಗಬೇಕು. ಸುಮಾರು ನಾಲ್ಕು ದಿನ. ಅಗಲ ಎರಡು ಪಟ್ಟಾದರೆ ಕಾಯುವ ದಿನ ಎರಡು ಪಟ್ಟಾಗಲ್ಲ, ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. 28 ಮಿ.ಮೀ.ಗೆ ಎರಡು ವಾರ ದಾಟುತ್ತದೆ! ಹುಡುಗರಿಗೆ ಇದು ತಲೆಗೆ ಹೋಗಲ್ಲ. ಜಾಸ್ತಿ ಬಳಿದರೆ ಜಾಸ್ತಿ ಗಟ್ಟಿ ಅನ್ನೋ ನಂಬಿಕೆ. ಪುಟ್ಟಿ ಪಟ್ಟಿಯಲ್ಲಿ ಪೈಪಿನ ಅಗಲಕ್ಕೂ ಸವರಿಬಿಡುತ್ತಾರೆ. ಹಾಗೆ ಸವರಿದ ಒಂದು ಗಾಡಿ ಬೇರೆ ಶೆಡ್ಡಿನಿಂದ ನಮ್ಮಲ್ಲಿಗೆ ಬಂದಿತ್ತು. ಶೀಟು ಬಿಚ್ಚಿದರೆ ಅಂಚು ರಬ್ಬರ್, ಒಳಗೆಲ್ಲ ಬೆಲ್ಲದ ಪಾಕ. ಅಂಚಿನಲ್ಲಿ ಉಕ್ಕಿದ ಅಂಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದೂ ಕಾಣುತ್ತಿತ್ತು. ಹಸಿ ಪಿಯುಗೆ ಸ್ಪಿರಿಟ್ ತಾಗಿದರೆ ಅಲ್ಲಿ ಅದು ಗಟ್ಟಿಯಾಗುವುದೇ ಇಲ್ಲ.

ನಾವು ನಾಝಲ್ಲಿನ ತುದಿಯನ್ನು ವಿ ಆಕಾರದಲ್ಲಿ ಕತ್ತರಿಸುತ್ತೇವೆ. ಗನ್ ನೆಟ್ಟಗೆ ಹಿಡಿದು ಎಳೆದರೆ 10 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ತ್ರಿಕೋನ ಗೆರೆ ಏಳುತ್ತದೆ. ಒತ್ತಿದಾಗ ನಡುವೆ ಗಾಳಿ ಸಿಕ್ಕಿಕೊಳ್ಳಲ್ಲ. ಪೈಪು ಅಗಲ ಇದ್ದರೆ ನಡುವೆ ಜಾಗ ಬಿಟ್ಟು ಎರಡು ಗೆರೆ. ಲೆಕ್ಕವೂ ಸುಲಭ: ಮೀಟರಿಗೆ 60 ಎಂ.ಎಲ್., 600 ಎಂ.ಎಲ್. ಸಾಸೇಜಿಗೆ (ಅಂಟು ತುಂಬಿದ ಉದ್ದನೆ ಫಾಯಿಲ್ ಪೊಟ್ಟಣ) 10 ಮೀಟರ್. ಸವರುವವರಿಗೆ ಅದರಲ್ಲಿ ಅರ್ಧವೂ ಬರಲ್ಲ.

ಊರಿನ ಹವೆಯೂ ಆಟ ಆಡಿಸುತ್ತದೆ. ಮಳೆಗಾಲದಲ್ಲಿ ಬೇಗ ಕೆನೆ ಕಟ್ಟುತ್ತದೆ, ಶೀಟು ಕೂರಿಸಲು ಓಡಬೇಕು. ಏಪ್ರಿಲ್‌ನಲ್ಲಿ ನಮ್ಮ ಕಡೆ ಗಾಳಿ ಒಣ, ಅಂಟು ಬೇಗ ಗಟ್ಟಿಯಾಗುವುದೇ ಇಲ್ಲ. ಆಗ ಶೆಡ್ಡಿನ ನೆಲಕ್ಕೆ ನೀರು ಹಾಕಿ ಪರದೆ ಇಳಿಬಿಡುತ್ತೇವೆ. ಅಂಟಿಗೇ ನೀರು ಚಿಮುಕಿಸಬೇಡಿ, ಒಳಗೆ ಗ್ಯಾಸ್ ಹುಟ್ಟಿ ಗುಳ್ಳೆ ಏಳುತ್ತದೆ.

ಇನ್ನೆರಡು ಮಾತು. ರೆಡ್ ಆಕ್ಸೈಡ್ ಬಳಿದ ಫ್ರೇಮಿಗೆ ಅಂಟಿಸಿದರೆ ಪಿಯು ಗಟ್ಟಿಯಾಗೇ ಹಿಡಿಯುತ್ತದೆ, ಆದರೆ ರೆಡ್ ಆಕ್ಸೈಡೇ ಕಿತ್ತು ಬರುತ್ತದೆ. ಫ್ರೇಮಿಗೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಶೀಟು ಬದಲಿಸಬೇಕಾದರೆ ಪಿಯಾನೊ ತಂತಿಯಲ್ಲಿ ಕೊಯ್ದು, ಹಳೇ ಅಂಟನ್ನು ಒಂದೆರಡು ಮಿ.ಮೀ. ಉಳಿಸಿ ಅದರ ಮೇಲೇ ಹೊಸದು ಹಾಕಬಹುದು. ರಿವೆಟ್ಟಿಗಿಂತ ಬೆವರು ಜಾಸ್ತಿ, ಒಪ್ಪಿದೆ.

ಗಾಜಿಗೂ ಪಿಯುವೇ. 2001ರಲ್ಲಿ ವೋಲ್ವೋ ಬಸ್ಸು ನಮ್ಮ ರಸ್ತೆಗೆ ಬಂದಾಗ ರಬ್ಬರ್ ಬೀಡಿಂಗ್ ಇಲ್ಲದೆ ಗಾಜು ಹೇಗೆ ನಿಂತಿದೆ ಅಂತ ಬೆರಗಾಗಿ ನೋಡಿದ್ದೆವು. ಗಾಜಿನ ಅಂಚಿನ ಕಪ್ಪು ಪಟ್ಟಿ ಬರೀ ಅಂದಕ್ಕಲ್ಲ, ಅಂಟಿಗೆ ಬಿಸಿಲು ತಾಗದಿರಲಿ ಅಂತ. ಪಟ್ಟಿ ಇಲ್ಲದ ಗಾಜಿಗೆ ಕಪ್ಪು ಪ್ರೈಮರ್ ಬಳಿಯಲೇಬೇಕು.

ದಿನಕ್ಕೊಂದು ಗಾಡಿ ಹೊರಗೆ ಹೋಗುವ ದೊಡ್ಡ ಶೆಡ್ಡಾದರೆ ಬೂಸ್ಟರ್ ಪೇಸ್ಟ್ ಬೆರೆಸುವ ಪಿಯು ಇದೆ, ಅದು ಗಾಳಿಯ ತೇವ ನಂಬಿ ಕೂರಲ್ಲ. ಅದರ ಗನ್ನೇ ಬೇರೆ, ಖರ್ಚೂ ಬೇರೆ. ನಮ್ಮಲ್ಲಿ ತಿಂಗಳಿಗೆ ಎರಡೋ ಮೂರೋ ಗಾಡಿ. ಶೀಟು ಅಂಟಿಸಿ ಕ್ಲಾಂಪ್ ಹಾಕಿಟ್ಟು ಒಳಗಿನ ಸೀಟು, ವೈರಿಂಗ್ ಕೆಲಸ ಮಾಡಿಕೊಳ್ಳುತ್ತೇವೆ. ಎಫ್.ಸಿ. (ಫಿಟ್ನೆಸ್ ಸರ್ಟಿಫಿಕೇಟ್) ತಾರೀಕು ನಾಳೆ ಇದೆ ಅಂತ ಓಡಿಬರುವ ಮಾಲೀಕರಿಗೆ ಇವತ್ತಿಗೂ ರಿವೆಟ್ಟೇ ಹೊಡೆದು ಕಳಿಸುತ್ತೇನೆ. ಉಳಿದವರಿಗೆಲ್ಲ ಸಾದಾ ಕಪ್ಪು ಪಿಯು, 600 ಎಂ.ಎಲ್. ಸಾಸೇಜ್. ಕೊಳ್ಳುವಾಗ ತಾರೀಕು ನೋಡಿ, ಕೈಯಲ್ಲಿ ಒತ್ತಿಯೂ ನೋಡಿ, ಮೆತ್ತಗಿರಬೇಕು. ತಗಡಿನ ಚಾವಣಿ ಕೆಳಗೆ ಒಂದು ಬೇಸಿಗೆ ಕಳೆದ ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಕೊಟ್ಟರೂ ನಾನಂತೂ ತರಲ್ಲ.