2023ರ ಆಲ್ಬಂಗಳು: ಘಾಟಿ ರಸ್ತೆಯಲ್ಲಿ ಒಂದು ಲೆಕ್ಕ, ಅಡಿಕೆ ಅಂಗಳದಲ್ಲಿ ಇನ್ನೊಂದು

ಮೊದಲೇ ಹೇಳಿಬಿಡುತ್ತೇನೆ. 2023ರ ಕನ್ನಡ ಸಿನಿಮಾ ಹಾಡುಗಳಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು, ಎರಡು ಭಾಗವಾಗಿ ಬಂದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗ ಸೈಡ್ ಎ. ಇದಕ್ಕೆ ನಮ್ಮ ಶಿವಮೊಗ್ಗದ ಗೆಳೆಯರ ಗುಂಪಿನಲ್ಲಿ ಯಾರದ್ದೂ ತಕರಾರಿಲ್ಲ. ಜಗಳ ಇರುವುದು ಎರಡನೇ ಜಾಗಕ್ಕೆ. ಅವರೆಲ್ಲ ಅದರದೇ ಎರಡನೇ ಭಾಗ ಸೈಡ್ ಬಿ ಅನ್ನುತ್ತಾರೆ. ನಾನು ‘ಆಚಾರ್ ಅಂಡ್ ಕೋ’ ಅನ್ನುತ್ತೇನೆ. ಯಾಕೆ ಅಂತ ಬರೆದು ಮುಗಿಸಿದರೆ ಪ್ರತಿ ಸಲ ಟೀ ಅಂಗಡಿಯಲ್ಲಿ ಗಂಟಲು ಒಣಗಿಸಿಕೊಳ್ಳುವುದು ತಪ್ಪುತ್ತದೆ.

ನನ್ನ ಅಳತೆ ಇಷ್ಟೇ. ಸಿನಿಮಾ ನೋಡದವರಿಗೂ ಹಾಡು ಹಿಡಿಸಬೇಕು. ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಕೈ ಫೋನಿನ ಕಡೆ ಹೋಗಬಾರದು. ಈಗ ಹಾಡುಗಳು ಒಂದೊಂದಾಗಿ ಲಿರಿಕಲ್ ವಿಡಿಯೋ ಆಗಿ ಬರುತ್ತವೆ. ಮೊದಲನೆಯದು ಬಂದು ಹಳಸುವ ಹೊತ್ತಿಗೆ ಮೂರನೆಯದು ಬರುತ್ತದೆ. ಹಾಗಾಗಿ ಆಲ್ಬಂ ಅಂತ ಪೂರ್ತಿಯಾಗಿ ಯಾರೂ ಕೇಳುವುದೇ ಇಲ್ಲ. ಗಾಂಧಿ ಬಜಾರಿನಲ್ಲಿ ಕ್ಯಾಸೆಟ್ ಕೊಳ್ಳುತ್ತಿದ್ದ ಕಾಲದಲ್ಲಿ ಒಂದು ಹಾಡು ಬೇಡ ಅಂದರೆ ಫಾರ್ವರ್ಡ್ ಒತ್ತಿ ಅಂದಾಜಿನ ಮೇಲೆ ನಿಲ್ಲಿಸಬೇಕಿತ್ತು. ಆ ಸೋಮಾರಿತನದಿಂದಲೇ ಎಷ್ಟೋ ಹಾಡು ನಮಗೆ ಇಷ್ಟವಾದವು, ಅಲ್ವಾ?

ಕೇಳಿದ ಜಾಗಗಳೂ ಮುಖ್ಯ. ಒಂದು, ಕಾರು. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ ಘಾಟಿ. ಈ ದಾರಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ. ಹಾಡು ಮೊದಲೇ ಇಳಿಸಿಕೊಂಡಿರಬೇಕು. ಇದರಿಂದ ಒಂದು ಲಾಭವೂ ಉಂಟು. ಮಧ್ಯೆ ಬೇರೆ ಏನನ್ನೋ ಹುಡುಕಿ ಹಾಕಲು ಆಗುವುದಿಲ್ಲ. ಎರಡು, ತೀರ್ಥಹಳ್ಳಿ ಹತ್ತಿರದ ಮಾವನ ಮನೆ. ಮಳೆಗಾಲದಲ್ಲಿ ಅಲ್ಲಿನ ಜಗಲಿ, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಅಂಗಳ. ಮೂರು, ರಾತ್ರಿ ಮನೆಯಲ್ಲಿ ಹೆಡ್‌ಫೋನ್. ಮೂರೂ ಕಡೆ ಗೆದ್ದ ಆಲ್ಬಂ ಒಂದೂ ಇಲ್ಲ.

ಸೈಡ್ ಎ ಗೆದ್ದಿದ್ದು ಕಾರಿನಲ್ಲಿ, ಮತ್ತೆ ಹೆಡ್‌ಫೋನಿನಲ್ಲಿ. ಸಂಗೀತ ಚರಣ್ ರಾಜ್, ಸಾಹಿತ್ಯ ಧನಂಜಯ್ ರಂಜನ್. ನಿರ್ದೇಶಕ ಹೇಮಂತ್ ರಾವ್ ಜೊತೆ ಚರಣ್‌ಗೆ ಹಳೇ ನಂಟು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ‘ಕವಲುದಾರಿ’ ಎರಡಕ್ಕೂ ಇವರದೇ ಸಂಗೀತ. ‘ಟಗರು’ ಮಾಡಿದ್ದೂ ಇದೇ ಚರಣ್ ಅಂತ ನೆನಪಾದಾಗೆಲ್ಲ ನನಗೆ ನಗು ಬರುತ್ತದೆ. ಅಲ್ಲಿ ಅಷ್ಟೊಂದು ಗಲಾಟೆ ಎಬ್ಬಿಸಿದ ಮನುಷ್ಯ ಇಲ್ಲಿ ಎಷ್ಟು ತಗ್ಗಿದ್ದಾರೆ ನೋಡಿ.

ಸಿನಿಮಾದ ಹೆಸರು ಬಂದಿದ್ದು ಗೋಪಾಲಕೃಷ್ಣ ಅಡಿಗರ ಕವಿತೆಯಿಂದ. ಅದೇ ಕವಿತೆಯನ್ನು ‘ಅಮೆರಿಕಾ ಅಮೆರಿಕಾ’ಕ್ಕೆ ಮನೋಮೂರ್ತಿ ಹಾಡು ಮಾಡಿದ್ದರು. ಅಡಿಗರು ನಮ್ಮ ಸಾಗರದ ಲಾಲ್ ಬಹದ್ದೂರ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು. ಹಾಗಾಗಿ ಸಾಗರದವರು ಈ ಆಲ್ಬಮ್ಮನ್ನು ಸ್ವಲ್ಪ ತಮ್ಮದೇ ಅಂತ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ ಬಿಡಿ.

ಶೀರ್ಷಿಕೆ ಹಾಡನ್ನೂ ‘ನದಿಯೇ’ಯನ್ನೂ ಹಾಡಿದವರು ಕಪಿಲ್ ಕಪಿಲನ್. ಅವರ ದನಿಯಲ್ಲಿ ಕಸರತ್ತಿಲ್ಲ. ಎತ್ತರಕ್ಕೆ ಹೋಗಬಹುದಾದ ಕಡೆಯೂ ಹೋಗದೆ ನಿಲ್ಲುತ್ತಾರೆ. ಮಂಡಗದ್ದೆ ಆಸುಪಾಸಿನಲ್ಲಿ ತುಂಗೆ ರಸ್ತೆಯ ಪಕ್ಕಕ್ಕೇ ಬರುತ್ತಾಳಲ್ಲ, ಅಲ್ಲಿ ‘ನದಿಯೇ’ ಕೇಳಿದರೆ ಯಾರಿಗಾದರೂ ಹಿಡಿಸುತ್ತದೆ. ಅದು ಸುಲಭದ ಮಾತಾಯಿತು. ನಿಜವಾದ ಪರೀಕ್ಷೆ ಆಗುಂಬೆಯ 14 ತಿರುವು. ಎದುರಿನಿಂದ ಬಸ್ಸು, ಪಕ್ಕದಲ್ಲಿ ಮಂಗ, ಹಿಂದೆ ಹಾರನ್ ಹೊಡೆಯುವ ಪ್ರವಾಸಿಗರು. ಅಷ್ಟರ ನಡುವೆಯೂ ಒಂದು ಹಾಡು ಮುಗಿದು ಇನ್ನೊಂದು ಶುರುವಾಗಿದ್ದು ಗೊತ್ತಾಗುವುದಿಲ್ಲ. ಎಲ್ಲಾ ಒಂದೇ ಹದದಲ್ಲಿ ಸಾಗುತ್ತವೆ. ಕಥೆ ಗೊತ್ತಿಲ್ಲದ ನನ್ನ ಅತ್ತಿಗೆ ಹಿಂದಿನ ಸೀಟಿನಲ್ಲಿ ಕೂತು, “ಯಾರೋ ಎಲ್ಲಿಗೋ ಹೋಗಬೇಕು ಅಂತಿದಾರೆ, ಹೋಗಕ್ಕಾಗ್ತಿಲ್ಲ, ಅಲ್ಲನಾ?” ಅಂದರು. ಸಿನಿಮಾದ ಕಥೆ ಅಷ್ಟೇ ತಾನೇ!

ಇದೇ ಆಲ್ಬಂ ಅಂಗಳದಲ್ಲಿ ಮಕಾಡೆ ಮಲಗಿತು. ಅಡಿಕೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ತಡವಾಗುವ ತನಕ ಏಳುವುದಿಲ್ಲ. ಕೂಲಿ ಸುಲಿದ ಅಡಿಕೆಯ ಡಬ್ಬದ ಲೆಕ್ಕ. ಕೈ ನಿಂತರೆ ದುಡ್ಡು ನಿಂತಂತೆ. ಅಲ್ಲಿ ಹಾಡು ಅಂದರೆ ನಿದ್ದೆ ತಡೆಯಬೇಕು, ಕೈಗೆ ಓಟ ಕೊಡಬೇಕು. ನಾನು ‘ಕಡಲನು’ ಹಾಕಿದೆ. ಎರಡು ನಿಮಿಷಕ್ಕೆ ಮೂಲೆಯಿಂದ ಮಾತು ಬಂತು: “ಎಂತ ಅಣ್ಣಾ ಇದು, ಜೋಗುಳದ ತರ! ಮಲಗಿಸ್ತೀರಾ ನಮ್ಮನ್ನ?” ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಹೊತ್ತಿಗೆ ಆ ಹಾಡು ಹೊಂದುವುದಿಲ್ಲ.

ಅಂಗಳದಲ್ಲಿ ಗೆದ್ದಿದ್ದು ‘ಕಾಟೇರ’. ಹರಿಕೃಷ್ಣ ಸಂಗೀತದ ಈ ಚಿತ್ರ ತೆರೆಗೆ ಬಂದಿದ್ದು ಡಿಸೆಂಬರ್ 29ಕ್ಕೆ. ಹಾಡುಗಳು ಅದಕ್ಕೂ ಮೊದಲೇ ಬಂದಿದ್ದವು. ಮಂಗ್ಲಿ ಹಾಡಿದ ‘ಪಸಂದಾಗವ್ನೆ’ಯನ್ನು ಮತ್ತೆ ಮತ್ತೆ ಹಾಕಿಸಿದರು. ಹಾಡಿಗೆ ಸರಿಯಾಗಿ ಕತ್ತಿ ಓಡುತ್ತಿತ್ತು. ಆದರೆ ನನ್ನ ಅಳತೆಯಲ್ಲಿ ಇದು ಆಲ್ಬಂ ಆಗಲಿಲ್ಲ, ಒಂದು ಹಾಡಾಗಿ ಉಳಿಯಿತು. ಕಾರಿನಲ್ಲಿ ಉಳಿದವು ಬಂದಾಗ ನನ್ನ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಕಥೆ ಗೇಣಿದಾರರದ್ದು, ಭೂಸುಧಾರಣೆಯ ಕಾಲದ್ದು. ಗೇಣಿದಾರರೇ ನಡೆಸಿದ 1951ರ ಕಾಗೋಡು ಸತ್ಯಾಗ್ರಹ ಕಂಡ ಸಾಗರ ತಾಲ್ಲೂಕು ಪಕ್ಕದಲ್ಲೇ ಇದೆ. ಅಂಗಳದಲ್ಲಿದ್ದ ಹಿರಿಯರೊಬ್ಬರು ಹಾಡು ಬಿಟ್ಟು ಗೇಣಿಯ ಕಥೆ ಶುರು ಮಾಡಿದರು. ಆಲ್ಬಂಗಿಂತ ಅದೇ ಚೆನ್ನಾಗಿತ್ತು.

ಈಗ ಜಗಳದ ವಿಷಯ. ‘ಆಚಾರ್ ಅಂಡ್ ಕೋ’ ಬಂದಿದ್ದು ಜುಲೈ 28ಕ್ಕೆ. ಆ ವರ್ಷ ನಮ್ಮ ಕಡೆ ಜೂನ್ ಸುಮ್ನೆ ಒಣಗಿ ಹೋಯಿತು, ಆಗಸ್ಟೂ ಬಿಸಿಲು. ಮಳೆ ಅಂತ ಹೊಡೆದಿದ್ದು ಜುಲೈ ಒಂದೇ. ಹಾಗಾಗಿ ಮಾವನ ಮನೆಯ ಜಗಲಿಯಲ್ಲಿ ಜಡಿಮಳೆ ಸದ್ದಿನ ಜೊತೆ ಕೇಳಿದ ಆಲ್ಬಂ ಇದೊಂದೇ. ಹೆಂಚಿನ ಪಕ್ಕಕ್ಕೆ ಇಳಿಸಿದ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಚಿಕ್ಕ ಸ್ಪೀಕರಿನಲ್ಲಿ ಮೆಲು ಸಂಗೀತವೆಲ್ಲ ಮುಚ್ಚಿಹೋಗುತ್ತದೆ. ಉಳಿಯುವುದು ಮಾತು, ದನಿ, ರಾಗದ ಮುಖ್ಯ ಗೆರೆ. ಈ ಆಲ್ಬಂ ಅಷ್ಟರಲ್ಲೇ ಬದುಕಿತು. ಯಾಕೆಂದರೆ ಇಲ್ಲಿ ದನಿಯೇ ಮುಂದೆ, ವಾದ್ಯ ಹಿಂದೆ.

ಸಂಗೀತ ಬಿಂದುಮಾಲಿನಿ ಅವರದ್ದು. ‘ನಾತಿಚರಾಮಿ’ಗೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು. ಕಥೆ ಬೆಂಗಳೂರಿನದ್ದು, 60–70ರ ದಶಕದ ತುಂಬು ಸಂಸಾರದ್ದು. ನಮ್ಮ ಮಲೆನಾಡಿಗೂ ಇದಕ್ಕೂ ಏನು ಸಂಬಂಧ ಅಂತ ಗೆಳೆಯರು ಕೇಳುತ್ತಾರೆ. ನನ್ನ ಉತ್ತರ: ಅತ್ತೆ. ಅವರಿಗೆ ಸಿನಿಮಾ ಹಾಡು ಅಂದರೆ ಆಗುವುದಿಲ್ಲ. ಆಕಾಶವಾಣಿ ಭದ್ರಾವತಿ ಬಿಟ್ಟರೆ ಬೇರೇನೂ ಕೇಳಿದವರಲ್ಲ. ಅಂಥವರು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, “ಇದನ್ನ ಇನ್ನೊಂದ್ಸಲ ಹಾಕಿ” ಅಂದರು. ಹಳೇ ಕಾಲದ ಛಾಯೆ ಇದೆ, ಆದರೆ ಹಳೇ ಹಾಡಿನ ನಕಲು ಅಲ್ಲ. ಈ ವ್ಯತ್ಯಾಸ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಮನೆಮಂದಿಯ ಗದ್ದಲ, ಸಣ್ಣ ಸಣ್ಣ ಸಿಟ್ಟು, ತಮಾಷೆ ಎಲ್ಲ ಹಾಡಿನೊಳಗೇ ಇದೆ. ಸಿನಿಮಾವನ್ನು ನಾನು ಆಮೇಲೆ ನೋಡಿದೆ. ಹಾಡಿನಿಂದ ನಾನು ಕಟ್ಟಿಕೊಂಡಿದ್ದ ಮನೆ ಹೆಚ್ಚುಕಡಿಮೆ ಹಾಗೇ ಇತ್ತು.

ಸೈಡ್ ಬಿ ಹೀಗಲ್ಲ. ಅದು ನವೆಂಬರ್ 17ಕ್ಕೆ ಬಂತು. ಸೈಡ್ ಎ ಬಂದಿದ್ದು ಸೆಪ್ಟೆಂಬರ್ 1ಕ್ಕೆ, ನಡುವೆ ಎರಡೂವರೆ ತಿಂಗಳು. ಕ್ಯಾಸೆಟ್ಟಿನ ಎರಡು ಮಗ್ಗುಲಿನ ಹಾಗೆ ಹೆಸರಿಟ್ಟರೂ, ತಿರುಗಿಸಿ ಹಾಕಿದ ತಕ್ಷಣ ಮುಂದುವರಿಯುವ ಆಲ್ಬಂ ಇದಲ್ಲ. ಜೈಲಿನಿಂದ ಹೊರಗೆ ಬಂದ ನಾಯಕ ಮನು ತನ್ನ ಪ್ರೇಯಸಿ ಪ್ರಿಯಾಳನ್ನು ಹುಡುಕುವ ಕಥೆ. ಸಂಗೀತವೂ ಅದಕ್ಕೆ ತಕ್ಕ ಹಾಗೆ ಕತ್ತಲಾಗಿದೆ, ಒರಟಾಗಿದೆ. ಥಿಯೇಟರಿನಲ್ಲಿ ಕೂತಾಗ ನನ್ನ ಕೈರೋಮ ಎದ್ದು ನಿಂತಿದ್ದು ನಿಜ. ಮನೆಗೆ ಬಂದು ಬರೀ ಹಾಡು ಕೇಳಿದರೆ ಆ ಅನುಭವ ಸಿಗಲಿಲ್ಲ. ಪ್ರತಿ ಸಲ ದೃಶ್ಯ ನೆನಪು ಮಾಡಿಕೊಳ್ಳಬೇಕಾಯಿತು. ಸಿನಿಮಾ ನೋಡದ ಅತ್ತಿಗೆಗೆ ಕೇಳಿಸಿದಾಗ ಅವರು ಕಿಟಕಿಯಾಚೆ ನೋಡಿಕೊಂಡು ಕೂತರು.

“ನೀನು ಸಿನಿಮಾ ಹಾಡನ್ನ ಸಿನಿಮಾ ಬಿಟ್ಟು ಕೇಳ್ತೀಯಲ್ಲ ಮಾರಾಯ, ಅದೇ ತಪ್ಪು” ಅನ್ನುವುದು ಗೆಳೆಯನ ವಾದ. ಅವನ ಮಾತಿನಲ್ಲಿ ತೂಕ ಇದೆ. ಸಿನಿಮಾದ ಕೆಲಸಕ್ಕೆ ಮಾಡಿದ ಸಂಗೀತ ಸಿನಿಮಾದಲ್ಲಿ ಕೆಲಸ ಮಾಡಿದರೆ ಸಾಕಲ್ವಾ? ಸಾಕು. ಆದರೆ ನಾವು ಜಗಳ ಆಡುತ್ತಿರುವುದು ಆಲ್ಬಂ ಬಗ್ಗೆ. ಕಾರಿನಲ್ಲಿ, ಜಗಲಿಯಲ್ಲಿ ಪರದೆ ಇರುವುದಿಲ್ಲ. ಇಷ್ಟಾದರೂ ರಾತ್ರಿ ಹೆಡ್‌ಫೋನಿನಲ್ಲಿ, ಸೈಡ್ ಎ ಮುಗಿದ ಕೂಡಲೇ, ಕೇಳಿದರೆ ಸೈಡ್ ಬಿ ತೂಕ ಜಾಸ್ತಿಯಾಗುತ್ತದೆ. ಬಿಡಿಯಾಗಿ ಕೇಳಬೇಡಿ.

ಸಂಗೀತ ನಿರ್ದೇಶಕ ಮಿಥುನ್ ಮುಕುಂದನ್ ಅವರದ್ದು ಆ ವರ್ಷ ಎರಡು. ಆಗಸ್ಟ್‌ನಲ್ಲಿ ‘ಟೋಬಿ’, ನವೆಂಬರಿನಲ್ಲಿ ‘ಸ್ವಾತಿ ಮುತ್ತಿನ ಮಳೆ ಹನಿಯೇ’. ಎರಡರಲ್ಲೂ ರಾಜ್ ಬಿ. ಶೆಟ್ಟಿ. ‘ಟೋಬಿ’ಯಲ್ಲಿ ಸಿಟ್ಟಿದೆ, ಭಾರ ಇದೆ. ನನಗೆ ಅದು ಕಾರಿಗೆ ಸೇರಲಿಲ್ಲ, ದಾರಿ ಉದ್ದವಾದ ಹಾಗನ್ನಿಸಿತು. ‘ಸ್ವಾತಿ’ ಹೆಸರು ಕೇಳಿದ ಕೂಡಲೇ ನಮ್ಮ ವಯಸ್ಸಿನವರಿಗೆ ‘ಬಣ್ಣದ ಗೆಜ್ಜೆ’ಯ ಹಂಸಲೇಖ ಹಾಡು ಕಿವಿಯಲ್ಲಿ ಬಂದುಬಿಡುತ್ತದೆ. ಅದನ್ನು ಪಕ್ಕಕ್ಕಿಟ್ಟು ಕೇಳಬೇಕು. ಕಥೆ ನಡೆಯುವುದು ಸಾವು ಹತ್ತಿರವಾದ ರೋಗಿಗಳಿರುವ ಆಸ್ಪತ್ರೆಯಲ್ಲಿ. ಸಂಗೀತ ಅಷ್ಟೇ ಮೆಲ್ಲಗೆ. ಎರಡರಲ್ಲಿ ನನ್ನ ಓಟು ಇದಕ್ಕೆ, ಆದರೆ ಹೆಡ್‌ಫೋನಿನಲ್ಲಿ ಮಾತ್ರ. ಜಗಲಿಯಲ್ಲಿ ಹಾಕಿದರೆ ಜೀರುಂಡೆ ಸದ್ದೇ ಮೇಲಾಗುತ್ತದೆ.

‘ಡೇರ್‌ಡೆವಿಲ್ ಮುಸ್ತಾಫಾ’ ಬಗ್ಗೆ ಬರೆಯದಿದ್ದರೆ ಊರಿನಲ್ಲಿ ತಿರುಗಾಡುವುದು ಕಷ್ಟ. ತೇಜಸ್ವಿ ಕಥೆ, ಅಬಚೂರಿನ ಕಾಲೇಜು, ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ಸಂಗೀತ ನವನೀತ್ ಶ್ಯಾಮ್. ಸಿನಿಮಾ ನನಗೆ ಆ ವರ್ಷದ ಅತಿ ಇಷ್ಟದ್ದು. ಆಲ್ಬಂ ಆಗಿ ಮಾತ್ರ ಸೈಡ್ ಬಿಗೆ ಹೇಳಿದ ಮಾತನ್ನೇ ಇದಕ್ಕೂ ಹೇಳಬೇಕಾಗುತ್ತದೆ. ಮೇಷ್ಟ್ರುಗಳ, ಹುಡುಗರ ಮುಖ ಕಣ್ಣೆದುರು ಇದ್ದರೆ ಖುಷಿ, ಇಲ್ಲದಿದ್ದರೆ ಅರ್ಧ ಖುಷಿ.

ಹಾಗಾಗಿ ಕಾರಿನ ಪೆನ್‌ಡ್ರೈವ್‌ನಲ್ಲಿ ಈಗ ಪೂರ್ತಿಯಾಗಿ ಇರುವುದು ಎರಡೇ, ಸೈಡ್ ಎ ಮತ್ತು ‘ಆಚಾರ್ ಅಂಡ್ ಕೋ’. ‘ಕಾಟೇರ’ದ ಒಂದು ಹಾಡನ್ನು ಮಾವ ಅವರ ಪಿಕಪ್ಪಿಗೆ ಹಾಕಿಸಿಕೊಂಡಿದ್ದಾರೆ. ಸೈಡ್ ಬಿ ಗೆಳೆಯನ ಕಾರಿನಲ್ಲಿದೆ. ಮುಂದಿನ ವಾರ ಹೊರನಾಡಿಗೆ ಅದೇ ಕಾರಿನಲ್ಲಿ ಹೊರಟಿದ್ದೇವೆ. ಹೋಗುವಾಗ ಅವನ ಆಯ್ಕೆ, ಬರುವಾಗ ನನ್ನದು ಅಂತ ಒಪ್ಪಂದ ಆಗಿದೆ.